ಹುಟ್ಟಿನಿಂದಲೇ ಹೃದಯದೋಷವಿರುವ ಮಗುವಿನ ಆರೈಕೆ: ತಂದೆತಾಯಿಗಳಿಗೆ ಸಮಗ್ರ ಮಾರ್ಗದರ್ಶಿ

ಜೀವಂತವಾಗಿ ಹುಟ್ಟುವ ಪ್ರತಿ 1000 ಶಿಶುಗಳಲ್ಲಿ ಸುಮಾರು 8ರಿಂದ 9 ಶಿಶುಗಳಿಗೆ ಹೃದಯದ ರಚನೆಯಲ್ಲಿ ಒಂದಲ್ಲ ಒಂದು ದೋಷವಿರುತ್ತದೆ. ಇವುಗಳಲ್ಲಿ ಕೆಲವು ತಾವಾಗಿಯೇ ಮುಚ್ಚಿಹೋಗುತ್ತವೆ, ಹಲವು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಸರಿಹೋಗುತ್ತವೆ, ಕೆಲವಕ್ಕೆ ಮಾತ್ರ ಎರಡು ಮೂರು ಬಾರಿ ಚಿಕಿತ್ಸೆ ಬೇಕಾಗುತ್ತದೆ. ಇಂಥ ಮಗುವನ್ನು ಸಾಕುವ ಮನೆಯವರು ಮೊದಲು ತಿಳಿಯಬೇಕಾದ ಸಂಗತಿಯೆಂದರೆ ಪ್ರತಿಯೊಂದು ದೋಷಕ್ಕೂ ಅದರದೇ ಆದ ಗಡುವು ಇದೆ ಎಂಬುದು. ‘ಮಗು ಇನ್ನೂ ಚಿಕ್ಕದು, ಸ್ವಲ್ಪ ಗಟ್ಟಿಯಾಗಲಿ, ಆಮೇಲೆ ಆಪರೇಷನ್ ನೋಡೋಣ’ ಎಂಬ ಮಾತು ಪ್ರೀತಿಯಿಂದಲೇ ಬಂದರೂ ಎಷ್ಟೋ ಮಕ್ಕಳಿಗೆ ದೋಷದಷ್ಟೇ ಕೆಡುಕು ಮಾಡಿದೆ. ವೈದ್ಯರು ಹೇಳಿದ ದಿನಕ್ಕೆ ಮಗುವನ್ನು ತೂಕ ಕಳೆದುಕೊಳ್ಳದಂತೆ, ಶ್ವಾಸಕೋಶ ಕೆಡದಂತೆ ಕರೆತರುವುದು ಮನೆಯ ಕೆಲಸ. ಈ ಬರಹದಲ್ಲಿರುವ ಎಲ್ಲ ಹಂತಗಳೂ ಆ ಕೆಲಸಕ್ಕೆ ಸಂಬಂಧಿಸಿದವು. ನಿಮ್ಮ ಮಗುವನ್ನು ನೋಡುತ್ತಿರುವ ಮಕ್ಕಳ ಹೃದ್ರೋಗ ತಜ್ಞರ ಸಲಹೆ ಇಲ್ಲಿ ಬರೆದದ್ದಕ್ಕಿಂತ ಬೇರೆಯಾಗಿದ್ದರೆ ಅವರ ಮಾತನ್ನೇ ಪಾಲಿಸಬೇಕು.

ಹಂತ 1: ದೋಷದ ಹೆಸರನ್ನೂ ಅದರ ಗಡುವನ್ನೂ ಬರೆಸಿಕೊಳ್ಳಿ

‘ಹಾರ್ಟ್‌ನಲ್ಲಿ ಹೋಲ್ ಇದೆಯಂತೆ’ ಎಂಬಷ್ಟು ಮಾಹಿತಿ ಸಾಲದು. ಯಾವ ಗೋಡೆಯಲ್ಲಿ ರಂಧ್ರವಿದೆ, ಎಷ್ಟು ಮಿಲಿಮೀಟರ್ ಇದೆ, ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಹೆಚ್ಚಿದೆಯೇ ಎಂಬ ಮೂರು ಸಂಗತಿಗಳ ಮೇಲೆ ಮುಂದಿನದೆಲ್ಲ ನಿಂತಿದೆ, ಮತ್ತು ಈ ಮೂರೂ ಎಕೋ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ವರದಿಯಲ್ಲಿರುತ್ತವೆ.

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರವಿದ್ದರೆ ಅದು ವಿ.ಎಸ್.ಡಿ., ಮೇಲಿನ ಕೋಣೆಗಳ ನಡುವೆ ಇದ್ದರೆ ಎ.ಎಸ್.ಡಿ.; ಹುಟ್ಟಿದ ಕೆಲವೇ ದಿನಗಳಲ್ಲಿ ಮುಚ್ಚಬೇಕಾದ ನಾಳವೊಂದು ತೆರೆದೇ ಉಳಿದರೆ ಅದು ಪಿ.ಡಿ.ಎ. ಈ ಮೂರರಲ್ಲೂ ಎಡಭಾಗದ ಶುದ್ಧ ರಕ್ತ ಬಲಭಾಗಕ್ಕೆ ನುಗ್ಗಿ ಶ್ವಾಸಕೋಶದಲ್ಲಿ ರಕ್ತ ಹೆಚ್ಚಾಗುತ್ತದೆ, ಆದರೆ ಮಗುವಿನ ಬಣ್ಣ ಸಹಜವಾಗಿಯೇ ಇರುತ್ತದೆ. ದೊಡ್ಡ ವಿ.ಎಸ್.ಡಿ. ಇರುವ ಮಗು ಹುಟ್ಟಿದಾಗ ಆರೋಗ್ಯವಾಗಿಯೇ ಕಾಣುತ್ತದೆ, ಆಸ್ಪತ್ರೆಯಿಂದ ನಗುತ್ತ ಮನೆಗೆ ಬರುತ್ತದೆ, ಒಂದೂವರೆ ತಿಂಗಳ ಹೊತ್ತಿಗೆ ಏದುಸಿರು ಬಿಡಲು ತೊಡಗುತ್ತದೆ. ನವಜಾತ ಶಿಶುವಿನ ಶ್ವಾಸಕೋಶದ ರಕ್ತನಾಳಗಳು ಮೊದಲು ಬಿಗಿಯಾಗಿದ್ದು ಕೆಲವು ವಾರಗಳಲ್ಲಿ ಸಡಿಲವಾಗುತ್ತವೆ. ಬಿಗಿ ಸಡಿಲವಾದ ಮೇಲೆಯೇ ರಕ್ತ ಪ್ರವಾಹದಂತೆ ಅತ್ತ ಹರಿಯುತ್ತದೆ. ಆದ್ದರಿಂದ ‘ಹುಟ್ಟಿದಾಗ ಡಾಕ್ಟರು ಏನೂ ಹೇಳಲಿಲ್ಲ’ ಎಂಬುದು ಈಗ ಕಂಡ ದೋಷವನ್ನು ನಂಬದಿರಲು ಕಾರಣವಾಗಬಾರದು.

ಹೀಗೆ ಹೆಚ್ಚಿನ ರಕ್ತ ಹರಿಯುತ್ತಲೇ ಇದ್ದರೆ ಶ್ವಾಸಕೋಶದ ನಾಳಗಳ ಗೋಡೆ ದಪ್ಪವಾಗುತ್ತ ಹೋಗಿ ಒಂದು ಹಂತದಲ್ಲಿ ಮತ್ತೆಂದೂ ಮೊದಲಿನಂತಾಗದಷ್ಟು ಕೆಡುತ್ತವೆ. ಐಸೆನ್‌ಮೆಂಗರ್ ಸ್ಥಿತಿ ಎಂದು ಕರೆಯಲಾಗುವ ಆ ಹಂತ ತಲುಪಿದ ಮೇಲೆ ರಂಧ್ರ ಮುಚ್ಚುವುದೇ ಅಪಾಯಕಾರಿ, ಹಾಗಾಗಿ ಶಸ್ತ್ರವೈದ್ಯರು ಕೈಚೆಲ್ಲಬೇಕಾಗುತ್ತದೆ. ಅದಕ್ಕಾಗಿಯೇ ದೊಡ್ಡ ವಿ.ಎಸ್.ಡಿ.ಯನ್ನು ಸಾಮಾನ್ಯವಾಗಿ 3ರಿಂದ 6 ತಿಂಗಳ ಪ್ರಾಯದಲ್ಲಿ, ತಡವೆಂದರೂ ಮೊದಲ ವರ್ಷ ತುಂಬುವುದರೊಳಗೆ ಮುಚ್ಚುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದೋಷವಿರುತ್ತದೆ ಮತ್ತು ಅವರ ಶ್ವಾಸಕೋಶ ಇನ್ನೂ ಬೇಗ ಕೆಡುತ್ತದೆ. ಅವರ ವಿಷಯದಲ್ಲಿ ಕಾಯುವ ಮಾತೇ ಸಲ್ಲದು. ಸಣ್ಣ ವಿ.ಎಸ್.ಡಿ. ತಾನಾಗಿಯೇ ಮುಚ್ಚುವುದು ಸಾಮಾನ್ಯ. ಎ.ಎಸ್.ಡಿ.ಗೆ ಅವಸರವಿಲ್ಲ, ಮಗು ಆರಾಮವಾಗಿದ್ದರೆ 2ರಿಂದ 5 ವರ್ಷದ ನಡುವೆ, ಎಷ್ಟೋ ಸಲ ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ‘ಡಿವೈಸ್’ ಎಂಬ ಪುಟ್ಟ ಮುಚ್ಚಳದಂಥ ಸಾಧನ ಹಾಕಿ ಮುಚ್ಚುತ್ತಾರೆ.

ಇನ್ನೊಂದು ಗುಂಪಿನ ದೋಷಗಳಲ್ಲಿ ಮಗು ನೀಲಿಯಾಗುತ್ತದೆ. ನಾಲ್ಕು ದೋಷಗಳು ಒಟ್ಟಿಗಿರುವ ಟೆಟ್ರಾಲಜಿ ಆಫ್ ಫ್ಯಾಲೊ ಇವುಗಳಲ್ಲಿ ಹೆಚ್ಚಾಗಿ ಕಾಣುವಂಥದ್ದು. ಪೂರ್ಣ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ 6ರಿಂದ 12 ತಿಂಗಳ ಒಳಗೆ ಮಾಡುತ್ತಾರೆ, ಅದಕ್ಕೆ ಮುಂಚೆಯೇ ಮಗು ತೀರಾ ನೀಲಿಗಟ್ಟುತ್ತಿದ್ದರೆ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಸಣ್ಣ ಕೊಳವೆಯೊಂದನ್ನು ಜೋಡಿಸಿ ಕಾಲಾವಕಾಶ ಪಡೆಯುತ್ತಾರೆ. 1944ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮೊದಲಾದ ಈ ಉಪಾಯ ಮಾರ್ಪಾಡುಗಳೊಂದಿಗೆ ಇಂದಿಗೂ ಮಕ್ಕಳನ್ನು ಉಳಿಸುತ್ತಿದೆ. ಎರಡು ಮಹಾನಾಳಗಳು ಅದಲುಬದಲಾಗಿರುವ ಟಿ.ಜಿ.ಎ. ಎಂಬ ದೋಷಕ್ಕೆ ಮಾತ್ರ ಲೆಕ್ಕ ವಾರಗಳಲ್ಲಿ: ಹುಟ್ಟಿದ ಮೊದಲ ಎರಡು ಮೂರು ವಾರಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಏಕೆಂದರೆ ಆಮೇಲೆ ಎಡಕೋಣೆ ಬಲ ಕಳೆದುಕೊಳ್ಳುತ್ತದೆ.

ವೈದ್ಯರ ಮುಂದೆ ಕುಳಿತಾಗ ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೇಳಿ: ಇದು ತಾನಾಗಿ ಮುಚ್ಚುವಂಥದ್ದೇ? ಚಿಕಿತ್ಸೆ ಬೇಕಾದರೆ ಯಾವ ತಿಂಗಳಲ್ಲಿ, ತಡವೆಂದರೆ ಯಾವಾಗ? ಅಷ್ಟರಲ್ಲಿ ಮಗುವಿನ ತೂಕ ಎಷ್ಟಾಗಬೇಕು? ನೀಲಿ ಮಗುವಾದರೆ, ಇದರ ಆಮ್ಲಜನಕದ ಪ್ರಮಾಣ ಎಷ್ಟಿದ್ದರೆ ಇದಕ್ಕೆ ಸಹಜ, ಎಷ್ಟಕ್ಕೆ ಇಳಿದರೆ ಓಡಿಬರಬೇಕು? ತೂಕದ ಪ್ರಶ್ನೆಗೆ ‘ತೂಕ ಕೂಡದಿದ್ದರೂ ತನ್ನಿ’ ಎಂಬ ಉತ್ತರ ಬರಬಹುದು. ದೊಡ್ಡ ರಂಧ್ರವಿರುವ ಮಗು ತೂಕ ಏರದಿರುವುದು ರಂಧ್ರದ ಕಾರಣದಿಂದಲೇ ಆಗಿದ್ದರೆ, ತೂಕಕ್ಕಾಗಿ ಕಾಯುವುದರಲ್ಲಿ ಅರ್ಥವಿಲ್ಲ.

ಇಲ್ಲಿಯೇ ತಾಯಂದಿರಿಗೆ ಒಂದು ಮಾತು. ಗ್ರಹಣದ ದಿನ ಹೊರಗೆ ಬಂದದ್ದಕ್ಕೆ, ಪರಂಗಿ ಹಣ್ಣು ತಿಂದದ್ದಕ್ಕೆ, ಬಸುರಿಯಲ್ಲಿ ಅತ್ತದ್ದಕ್ಕೆ ಮಗುವಿನ ಹೃದಯ ಹೀಗಾಯಿತು ಎಂದು ಯಾರೇ ಹೇಳಿದರೂ ಅದು ಸುಳ್ಳು. ಗರ್ಭ ಕಟ್ಟಿದ ಮೊದಲ ಎಂಟು ವಾರಗಳಲ್ಲಿ, ಎಷ್ಟೋ ಹೆಂಗಸರಿಗೆ ಬಸುರಿಯೆಂಬುದು ಇನ್ನೂ ಖಚಿತವಾಗುವಷ್ಟರಲ್ಲಿ, ಹೃದಯ ರೂಪುಗೊಂಡಿರುತ್ತದೆ. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣವೆಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಬಾಣಂತಿಯನ್ನು ದೂರುವ ಮನೆಯಲ್ಲಿ ಮಗುವಿನ ಆರೈಕೆಯೂ ಸೊರಗುತ್ತದೆ. ಗಂಡನೂ ಅತ್ತೆಮಾವಂದಿರೂ ಒಮ್ಮೆಯಾದರೂ ವೈದ್ಯರ ಬಳಿ ಜೊತೆಗೆ ಬಂದು ಈ ಮಾತನ್ನು ಅವರ ಬಾಯಿಂದಲೇ ಕೇಳುವುದು ಒಳ್ಳೆಯದು.

ಹಂತ 2: ಆಸ್ಪತ್ರೆ, ಯೋಜನೆ, ಕಾಗದಪತ್ರ

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ, ಹುಟ್ಟು ಹೃದಯದೋಷವೂ ಅದರ ಪಟ್ಟಿಯಲ್ಲಿದೆ. ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುವ ತಂಡದ ಮೂಲಕ, ಅಥವಾ ನೇರವಾಗಿ ಜಿಲ್ಲಾ ಆಸ್ಪತ್ರೆಯಲ್ಲಿರುವ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಮೂಲಕ ಮಗುವನ್ನು ನೋಂದಾಯಿಸಬಹುದು. ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿದರೆ ಸಾಮಾನ್ಯವಾಗಿ ಅವರೇ ದಾರಿ ತೋರಿಸುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ, ಎ.ಪಿ.ಎಲ್. ಕುಟುಂಬಕ್ಕೆ ಯೋಜನೆ ನಿಗದಿಪಡಿಸಿದ ದರದ 30 ಶೇಕಡಾ ನೆರವು ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುವುದರಿಂದ ಅದನ್ನು ಮೊದಲೇ ಪಡೆದುಕೊಳ್ಳಿ. ಬೆಂಗಳೂರು, ಮೈಸೂರು ಮತ್ತು ಕಲಬುರಗಿಯ ಜಯದೇವ ಹೃದ್ರೋಗ ಸಂಸ್ಥೆಗಳು ಸರ್ಕಾರದ ಆಶ್ರಯದವು. ವೈಟ್‌ಫೀಲ್ಡ್‌ನ ಶ್ರೀ ಸತ್ಯಸಾಯಿ ಆಸ್ಪತ್ರೆಯಲ್ಲಿ ಹೃದಯ ಚಿಕಿತ್ಸೆಗೆ ಶುಲ್ಕವಿಲ್ಲ.

ಕೆಲಸ ನಿಲ್ಲುವುದು ಬಹುಪಾಲು ಕಾಗದದಲ್ಲಿ. ಮಗುವಿನ ಜನನ ಪ್ರಮಾಣಪತ್ರ ಹುಟ್ಟಿದ ತಿಂಗಳಲ್ಲೇ ಕೈಗೆ ಬರಲಿ. ಐದು ವರ್ಷದೊಳಗಿನ ಮಗುವಿಗೆ ಬೆರಳಚ್ಚಿಲ್ಲದೆಯೇ ಬಾಲ ಆಧಾರ್ ಸಿಗುತ್ತದೆ, ಅದನ್ನು ಮಾಡಿಸಿ ಪಡಿತರ ಚೀಟಿಗೆ ಮಗುವಿನ ಹೆಸರು ಸೇರಿಸಲು ಅರ್ಜಿ ಹಾಕಿ. ತಾಯಿ ಕಾರ್ಡ್, ಪ್ರತಿಯೊಂದು ಎಕೋ ವರದಿ, ಇ.ಸಿ.ಜಿ., ಎಕ್ಸ್‌ರೇ, ಡಿಸ್ಚಾರ್ಜ್ ಚೀಟಿ ಎಲ್ಲವನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಫೈಲಿನಲ್ಲಿಟ್ಟು, ಮೊಬೈಲಿನಲ್ಲಿ ಫೋಟೋ ತೆಗೆದು ಗಂಡ ಹೆಂಡತಿ ಇಬ್ಬರ ಫೋನಿನಲ್ಲೂ ಇರಿಸಿಕೊಳ್ಳಿ. ನಡುರಾತ್ರಿ ಹೊಸ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನಿಂತಾಗ ಮಗುವಿನ ದೋಷದ ಹೆಸರನ್ನು ಆ ಫೋಟೋ ಹೇಳಬೇಕು.

ಹಂತ 3: ದಿನವೂ ನೋಡಬೇಕಾದದ್ದು

ಒಂದು ಸಣ್ಣ ನೋಟ್‌ಪುಸ್ತಕ ಇಡಿ. ದಿನಕ್ಕೊಮ್ಮೆ, ಮಗು ಮಲಗಿದ್ದಾಗ, ಅಂಗಿ ಮೇಲೆತ್ತಿ ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಶಿಶುಗಳು ಉಸಿರನ್ನು ಒಂದೇ ಸಮನೆ ತೆಗೆಯುವುದಿಲ್ಲ, ಹಾಗಾಗಿ 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, 2ರಿಂದ 12 ತಿಂಗಳವರೆಗೆ 50, 1ರಿಂದ 5 ವರ್ಷದವರೆಗೆ 40 ಮುಟ್ಟಿದರೆ ಅದು ವೇಗದ ಉಸಿರು. ದೊಡ್ಡ ರಂಧ್ರವಿರುವ ಮಗುವಿನ ಉಸಿರು ಯಾವಾಗಲೂ ತುಸು ಹೆಚ್ಚೇ ಇರುವುದರಿಂದ ಅದರ ನಿತ್ಯದ ಅಂಕಿ ನಿಮಗೆ ಗೊತ್ತಿರಬೇಕು. ದಿನವೂ 52 ಇರುವ ಮಗು ಇವತ್ತು 68 ಇದ್ದರೆ ಅದೇ ಸುದ್ದಿ. ಜೊತೆಗೆ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆಯೇ, ಮೂಗಿನ ಹೊಳ್ಳೆ ಅಗಲವಾಗುತ್ತಿದೆಯೇ, ನರಳುವ ಸದ್ದು ಬರುತ್ತಿದೆಯೇ ಎಂದೂ ನೋಡಿ. ಇವು ಕಂಡರೆ ಬೆಳಗಾಗಲಿ ಎಂದು ಕಾಯಬಾರದು.

ಬಣ್ಣ ನೋಡುವಾಗ ಕೈಕಾಲಿನ ಬೆರಳುಗಳನ್ನು ನಂಬಬೇಡಿ. ಚಳಿಗೆ ಯಾವ ಶಿಶುವಿನ ಬೆರಳೂ ನೀಲಿಯಾಗುತ್ತದೆ. ನಾಲಿಗೆ, ಒಸಡು, ತುಟಿಯ ಒಳಭಾಗ ನೋಡಿ, ಅದೂ ಹಗಲ ಬೆಳಕಿನಲ್ಲಿ. ನಮ್ಮ ಕಂದು ಮೈಬಣ್ಣದ ಮಕ್ಕಳಲ್ಲಿ ಚರ್ಮದ ಮೇಲೆ ನೀಲಿ ಗುರುತಿಸುವುದು ಕಷ್ಟ. ದೊಡ್ಡವರ ಬೆರಳಿಗೆ ಹಾಕುವ ಆಕ್ಸಿಮೀಟರ್ ಪುಟ್ಟ ಮಗುವಿನಲ್ಲಿ ಸರಿಯಾದ ಅಂಕಿ ತೋರಿಸುವುದಿಲ್ಲ. ಬೇಕೆಂದು ವೈದ್ಯರು ಹೇಳಿದರೆ ಶಿಶುಗಳ ಪಾದಕ್ಕೆ ಸುತ್ತುವ ಪ್ರೋಬ್ ಇರುವುದನ್ನೇ ತನ್ನಿ.

ಇನ್ನೊಂದು ನಿಖರವಾದ ಸೂಚನೆ ಮೊಲೆ ಕುಡಿಯುವ ರೀತಿ. ಹಸಿದು ಅಳುತ್ತ ಮೊಲೆಗೆ ಬಾಯಿ ಹಾಕುತ್ತದೆ, ನಾಲ್ಕೈದು ಗುಟುಕು ಎಳೆದು ಬಿಟ್ಟು ಏದುಸಿರು ಬಿಡುತ್ತದೆ, ಹಣೆಯ ಮೇಲೂ ನೆತ್ತಿಯ ಕೂದಲಲ್ಲೂ ಬೆವರು ಸಾಲುಗಟ್ಟುತ್ತದೆ, ಮತ್ತೆ ಎರಡು ಗುಟುಕು, ಅಷ್ಟರಲ್ಲಿ ದಣಿದು ನಿದ್ದೆ. ಅರ್ಧ ಗಂಟೆಗೆ ಹಸಿವಿನಿಂದ ಮತ್ತೆ ಎಚ್ಚರ. ‘ಈ ಮಗುವಿಗೆ ಹಾಲು ಸಾಲದು’ ಎಂದು ಮನೆಯವರು ಭಾವಿಸುವುದು ಇಂಥ ಸಂದರ್ಭದಲ್ಲೇ. ಹಾಲು ಬೇಕಾದಷ್ಟಿದೆ, ಕುಡಿಯುವ ಶಕ್ತಿ ಸಾಲುತ್ತಿಲ್ಲ.

ಹಂತ 4: ಹಾಲು, ಊಟ, ತೂಕ

ಆರೋಗ್ಯವಂತ ಶಿಶು ಮೊದಲ ಮೂರು ತಿಂಗಳು ದಿನಕ್ಕೆ 25ರಿಂದ 30 ಗ್ರಾಂ ಏರುತ್ತದೆ. ಹೃದಯ ಸೋತ ಮಗು ಬರಿಯ ಉಸಿರಾಟಕ್ಕೇ ಅಷ್ಟೊಂದು ಶಕ್ತಿ ವ್ಯಯಿಸುವುದರಿಂದ ಅದಕ್ಕೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 120ರಿಂದ 150 ಕಿಲೋಕ್ಯಾಲರಿ ಬೇಕಾಗುತ್ತದೆ, ಅಂದರೆ ಇತರ ಮಕ್ಕಳಿಗಿಂತ ಹೆಚ್ಚು, ಕುಡಿಯುವುದೋ ಕಡಿಮೆ. ಈ ಅಂತರವನ್ನು ತುಂಬುವುದರಲ್ಲೇ ಮನೆಯವರ ಜಾಣ್ಮೆ ಇರುವುದು.

ತಾಯಿಯ ಹಾಲನ್ನು ನಿಲ್ಲಿಸಬೇಡಿ. ಎರಡು ಮೂರು ಗಂಟೆಗೊಮ್ಮೆ, ಮಗುವಿನ ತಲೆ ಎತ್ತರದಲ್ಲಿರುವಂತೆ ಹಿಡಿದು ಕುಡಿಸಿ, ಒಂದು ಸಲಕ್ಕೆ ಅರ್ಧ ಗಂಟೆ ಮೀರಿಸಬೇಡಿ. ಅದಕ್ಕಿಂತ ಹೆಚ್ಚು ಹೊತ್ತು ಕುಡಿಸಿದರೆ ಹೊಟ್ಟೆಗೆ ಬಿದ್ದದ್ದಕ್ಕಿಂತ ದಣಿವಿಗೆ ಹೋದದ್ದೇ ಹೆಚ್ಚಾಗುತ್ತದೆ. ಅಷ್ಟರಲ್ಲಿ ಹೊಟ್ಟೆ ತುಂಬದಿದ್ದರೆ ಉಳಿದದ್ದನ್ನು ಹಿಂಡಿ ತೆಗೆದು ಒಳಲೆಯಲ್ಲಿ ಅಥವಾ ಚಮಚದಲ್ಲಿ ಸ್ವಲ್ಪಸ್ವಲ್ಪವೇ ಕುಡಿಸಿ. ಮೊದಲು ಬರುವ ಹಾಲಿಗಿಂತ ಕೊನೆಗೆ ಬರುವ ಹಾಲಿನಲ್ಲಿ ಕೊಬ್ಬಿನಂಶ ಹೆಚ್ಚು, ಆದ್ದರಿಂದ ಹಾಲು ಧಾರಾಳವಾಗಿರುವ ತಾಯಿ ಮೊದಲ ಭಾಗವನ್ನು ಸ್ವಲ್ಪ ಹಿಂಡಿಟ್ಟು ಆಮೇಲಿನದನ್ನು ಮಗುವಿಗೆ ಕೊಡಬಹುದು. ಹಿಂಡಿದ ಹಾಲು ಹೊರಗೆ ಸುಮಾರು ನಾಲ್ಕು ಗಂಟೆ ಕೆಡದಿರುತ್ತದೆ. ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಅಷ್ಟು ಹೊತ್ತು ಇಡಬೇಡಿ. ಒಳಲೆಯನ್ನು ಪ್ರತಿ ಸಲವೂ ತೊಳೆದು ಕುದಿಸಬೇಕು, ಮಲಗಿಸಿ ಹಾಲು ಹುಯ್ಯಲೇಬಾರದು. ಹಾಲಿಗೆ ಶಕ್ತಿವರ್ಧಕ ಪುಡಿ ಬೆರೆಸುವುದನ್ನು ವೈದ್ಯರು ಅಳತೆ ಹೇಳಿಕೊಟ್ಟ ಮೇಲೆಯೇ ಮಾಡಬೇಕು. ಇಷ್ಟರಿಂದಲೂ ತೂಕ ಏರದಿದ್ದರೆ ಮೂಗಿನ ಕೊಳವೆಯ ಮೂಲಕ ಹಾಲು ಕೊಡಲು ಅವರು ಸೂಚಿಸಬಹುದು. ಕೊಳವೆ ಕಂಡು ಅಜ್ಜಿಯರಿಗೆ ಕಣ್ಣೀರು ಬರುತ್ತದೆ, ಆದರೆ ಮಗುವಿಗೆ ಅದು ದೊಡ್ಡ ಬಿಡುವು.

ಆರು ತಿಂಗಳು ತುಂಬುತ್ತಲೇ ಮೇಲಾಹಾರ ಆರಂಭಿಸಿ. ಬೇಳೆಕಟ್ಟು, ಗಂಜಿತಿಳಿಗಳಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ಹಿಡಿಯುವುದಿಲ್ಲ. ನಮ್ಮ ಮೊಳಕೆ ರಾಗಿಯ ಸರಿ ಇಂಥ ಮಗುವಿಗೆ ಹೇಳಿ ಮಾಡಿಸಿದಂತಿದೆ: ಮೊಳಕೆ ಬರಿಸಿದಾಗ ಕಾಳಿನ ಪಿಷ್ಟ ಒಡೆದಿರುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಗಟ್ಟಿಯಾಗದೆ ಸಲೀಸಾಗಿ ಗಂಟಲಿಳಿಯುತ್ತದೆ, ಹಾಗಾಗಿ ಅದೇ ಬಟ್ಟಲಿನಲ್ಲಿ ಹೆಚ್ಚು ಶಕ್ತಿ ಹೋಗುತ್ತದೆ. ಅದಕ್ಕೆ ಒಂದು ಚಮಚ ತುಪ್ಪ ಸೇರಿಸಿ. ಮಸೆದ ಹೆಸರುಬೇಳೆ ಅನ್ನ, ಬಾಳೆಹಣ್ಣು, ಮೊಟ್ಟೆ ತಿನ್ನುವ ಮನೆಯಾದರೆ ಬೆಂದ ಮೊಟ್ಟೆ, ಇವೆಲ್ಲ ಸರದಿಯಲ್ಲಿ ಬರಲಿ. ಒಂದು ವರ್ಷದವರೆಗೆ ಉಪ್ಪು ಬೇಡ, ಜೇನುತುಪ್ಪ ಬೇಡ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಅಂಗನವಾಡಿಯದಾದರೂ ಸರಿ, ಬಟ್ಟೆಯಿಲ್ಲದೆ ತೂಗಿ ಬರೆದಿಡಿ. ಎರಡು ವಾರ ತೂಕ ನಿಂತಲ್ಲೇ ನಿಂತರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯದೆ ಹೋಗಿ. ಒಂದೆರಡು ದಿನದಲ್ಲೇ ತೂಕ ದಿಢೀರನೆ ಏರಿ ರೆಪ್ಪೆ, ಪಾದ ಊದಿಕೊಂಡಿದ್ದರೆ ಅದು ನೀರು ತುಂಬಿದ ಲಕ್ಷಣ. ಆ ದಿನವೇ ವೈದ್ಯರನ್ನು ಕಾಣಬೇಕು.

ಹಂತ 5: ಔಷಧ

ಸಾಮಾನ್ಯವಾಗಿ ಬರೆದುಕೊಡುವುದು ಮೈಯ ಹೆಚ್ಚಿನ ನೀರು ಇಳಿಸುವ ಫ್ಯೂರೋಸೆಮೈಡ್ ಮತ್ತು ಸ್ಪಿರೋನೊಲ್ಯಾಕ್ಟೋನ್, ಹೃದಯದ ಹೊರೆ ತಗ್ಗಿಸುವ ಎನಲಾಪ್ರಿಲ್, ಕೆಲವರಿಗೆ ಡಿಗಾಕ್ಸಿನ್, ನೀಲಿ ಮಕ್ಕಳಿಗೆ ಪ್ರೊಪ್ರನೊಲಾಲ್. ಎಲ್ಲದರ ಪ್ರಮಾಣವೂ ಮಗುವಿನ ತೂಕಕ್ಕೆ ಕಟ್ಟಿದ್ದು, ಆದ್ದರಿಂದ ತೂಕ ಏರಿದಂತೆ ಪ್ರಮಾಣವನ್ನು ತಿದ್ದಿಸಬೇಕು. ಅಡುಗೆಮನೆಯ ಚಮಚದಲ್ಲಿ ಅಳೆಯಬೇಡಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆಯಿರಿ, ಮತ್ತು ಔಷಧದಂಗಡಿಯಲ್ಲಿ ಬೇರೆ ಕಂಪನಿಯ ಸಿರಪ್ ಕೊಟ್ಟರೆ ಒಂದು ಮಿಲಿಲೀಟರಿನಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ಹಳೆಯ ಬಾಟಲಿಯ ಪಕ್ಕದಲ್ಲಿಟ್ಟು ಓದಿ ನೋಡಿ.

ಡಿಗಾಕ್ಸಿನ್ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿರಬೇಕು. ಅದರ ಗುಣಕ್ಕೂ ವಿಷಕ್ಕೂ ಅಂತರ ಬಹಳ ಕಡಿಮೆ. ಕೊಟ್ಟ ಮೇಲೆ ಮಗು ವಾಂತಿ ಮಾಡಿಕೊಂಡರೆ ಮತ್ತೆ ಕೊಡಬೇಡಿ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಸೇರಿಸಿ ಕೊಡಬೇಡಿ. ಕಾರಣವಿಲ್ಲದೆ ಮತ್ತೆ ಮತ್ತೆ ವಾಂತಿ, ಮಂಕು, ನಾಡಿ ನಿಧಾನವಾಗುವುದು ಕಂಡರೆ ಬಾಟಲಿಯನ್ನೂ ಹಿಡಿದುಕೊಂಡು ಆಸ್ಪತ್ರೆಗೆ ಹೋಗಿ. ಪ್ರೊಪ್ರನೊಲಾಲನ್ನು ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ರಕ್ತದ ಸಕ್ಕರೆ ಇಳಿಯಬಹುದು, ಹಾಗಾಗಿ ಹಾಲಿನ ಜೊತೆಗೇ ಕೊಡಬೇಕು, ಮಗು ಏನೂ ಕುಡಿಯದ ದಿನ ವೈದ್ಯರನ್ನು ಕೇಳಬೇಕು. ಭೇದಿ, ವಾಂತಿ ಹಿಡಿದ ದಿನವೂ ಅಷ್ಟೇ: ನೀರು ಇಳಿಸುವ ಔಷಧವನ್ನು ಹಾಗೆಯೇ ಮುಂದುವರಿಸಬೇಕೇ ಎಂದು ಅಂದೇ ಫೋನ್ ಮಾಡಿ ಕೇಳಿ. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಸಿರಪ್‌ಗಳಲ್ಲಿ ಎದೆಬಡಿತ ಏರಿಸುವ ಅಂಶಗಳಿರುವುದರಿಂದ ಅವನ್ನು ತರಲೇಬಾರದು.

ಹಂತ 6: ಸೋಂಕಿನಿಂದ ಕಾಪಾಡುವುದು, ಮನೆಯ ಕೆಲವು ರೂಢಿಗಳು

ಹೃದಯದೋಷವಿದೆ ಎಂದು ಲಸಿಕೆ ತಪ್ಪಿಸುವುದು ದೊಡ್ಡ ತಪ್ಪು. ಈ ಮಗುವಿಗೇ ಅದು ಎಲ್ಲರಿಗಿಂತ ಹೆಚ್ಚು ಬೇಕು. ಸರ್ಕಾರಿ ವೇಳಾಪಟ್ಟಿಯ ಎಲ್ಲವೂ, ನ್ಯುಮೋನಿಯಾ ತಡೆಯುವ ಪಿ.ಸಿ.ವಿ. ಸಹಿತ, ಹೊತ್ತಿಗೆ ಸರಿಯಾಗಿ ಆಗಲಿ. ಆರು ತಿಂಗಳ ಮೇಲೆ ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ ಹಾಕಿಸಿ, ಮನೆಯ ದೊಡ್ಡವರೂ ಹಾಕಿಸಿಕೊಳ್ಳಿ. ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಕೊಟ್ಟಿದ್ದರೆ ದಡಾರ–ರುಬೆಲ್ಲಾ ಲಸಿಕೆಯನ್ನು ಕೆಲವು ತಿಂಗಳು ಮುಂದಕ್ಕೆ ಹಾಕಬೇಕಾಗಬಹುದು, ಕೇಳಿಕೊಳ್ಳಿ.

ಎಳೆಮಗುವಿಗೆ ಎರೆದ ಮೇಲೆ ಲೋಬಾನದ ಹೊಗೆ ಕೊಡುವುದು, ಮೂಗಿಗೆ ಹರಳೆಣ್ಣೆ ಬಿಡುವುದು, ಬಾಯಿಗೆ ಬೆರಳು ಹಾಕಿ ಕಫ ತೆಗೆಯುವುದು ಹಲವು ಮನೆಗಳಲ್ಲಿ ಇಂದಿಗೂ ನಡೆಯುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ಕೂತರೆ ಬರುವ ನ್ಯುಮೋನಿಯಾ ಬಲು ಹಠದ್ದು. ಮೊದಲೇ ರಕ್ತ ತುಂಬಿದ ಶ್ವಾಸಕೋಶಕ್ಕೆ ಹೊಗೆಯೂ ಎಣ್ಣೆಯೂ ಬೇಡ, ಸೌದೆ ಒಲೆಯ ಹತ್ತಿರ ತೊಟ್ಟಿಲೂ ಬೇಡ, ಮನೆಯೊಳಗೆ ಬೀಡಿ ಸಿಗರೇಟೂ ಬೇಡ. ಉಬ್ಬಸಕ್ಕೆ ಹೊಟ್ಟೆಯ ಮೇಲೆ ಬರೆ ಹಾಕಿಸುವವರು ಈಗಲೂ ಇದ್ದಾರೆ. ಅದು ಮಗುವಿಗೆ ಚಿತ್ರಹಿಂಸೆ, ಸುಟ್ಟ ಗಾಯದಿಂದ ಸೋಂಕು ರಕ್ತಕ್ಕೆ ಹತ್ತಿದರೆ ಪ್ರಾಣಕ್ಕೇ ಕುತ್ತು. ದೃಷ್ಟಿಬೊಟ್ಟು ಇಡಿ, ದೃಷ್ಟಿ ತೆಗೆಯಿರಿ, ಅದರಿಂದ ಹಾನಿಯಿಲ್ಲ. ನಾಮಕರಣವನ್ನು ಮನೆಮಂದಿಯಷ್ಟಕ್ಕೇ ಮಾಡಿ, ಕೆಮ್ಮು ನೆಗಡಿ ಇರುವವರ ಕೈಗೆ ಮಗು ಕೊಡದಿರಿ. ಕಿವಿ ಚುಚ್ಚಿಸುವುದಕ್ಕೂ ಮೊದಲು ಹೃದ್ರೋಗ ತಜ್ಞರನ್ನು ಕೇಳಿ.

ಕಿವಿಯ ಮಾತು ಬಂದದ್ದಕ್ಕೆ ಕಾರಣವಿದೆ. ಚರ್ಮ ಅಥವಾ ಒಸಡಿನ ಗಾಯದಿಂದ ರಕ್ತಕ್ಕೆ ಸೇರಿದ ರೋಗಾಣು ದೋಷವಿರುವ ಹೃದಯದ ಒಳಪದರದಲ್ಲಿ ನೆಲೆಸಿ ಎಂಡೋಕಾರ್ಡೈಟಿಸ್ ಎಂಬ ಗಂಭೀರ ಸೋಂಕು ಉಂಟುಮಾಡಬಹುದು. ಮೊದಲ ಹಲ್ಲು ಬಂದ ದಿನದಿಂದಲೇ ಹಲ್ಲುಜ್ಜಿ, ಹುಳುಕು ಹಲ್ಲನ್ನು ‘ಹಾಲುಹಲ್ಲು ತಾನೇ, ಬಿದ್ದುಹೋಗುತ್ತದೆ’ ಎಂದು ಬಿಡಬೇಡಿ. ಹಲ್ಲು ಕೀಳಿಸುವ ಮೊದಲು ಪ್ರತಿಜೀವಕದ ಒಂದು ಪ್ರಮಾಣ ಯಾರಿಗೆ ಬೇಕೆಂಬುದಕ್ಕೆ ನಿಯಮವಿದೆ: ಚಿಕಿತ್ಸೆಯಾಗದ ನೀಲಿ ಮಕ್ಕಳು, ಕೃತಕ ಕವಾಟ ಇರುವವರು, ಹಿಂದೆ ಈ ಸೋಂಕು ಬಂದವರು, ಪ್ಯಾಚ್ (ರಂಧ್ರಕ್ಕೆ ಹೊಲಿಯುವ ತೇಪೆ) ಅಥವಾ ಡಿವೈಸ್ ಹಾಕಿ ಆರು ತಿಂಗಳು ಕಳೆಯದವರು ಇದರಲ್ಲಿ ಸೇರುತ್ತಾರೆ. ಕಾರಣ ತಿಳಿಯದ ಜ್ವರ ಕೆಲವು ದಿನ ಬಿಡದೆ ಕಾಯುತ್ತಿದ್ದರೆ ಪ್ರತಿಜೀವಕ ಆರಂಭಿಸುವ ಮುನ್ನ ರಕ್ತದ ಕಲ್ಚರ್ ಮಾಡಿಸಲು ಕೇಳಿಕೊಳ್ಳಿ. ಮೊದಲೇ ಔಷಧ ಕೊಟ್ಟರೆ ರೋಗಾಣು ಪತ್ತೆಯಾಗದೆ ತಪ್ಪಿಸಿಕೊಳ್ಳುತ್ತದೆ.

ಹಂತ 7: ಮಗು ದಿಢೀರನೆ ನೀಲಿಯಾದರೆ

ಫ್ಯಾಲೊ ದೋಷವಿರುವ ಮಗು, ಹೆಚ್ಚಾಗಿ ಬೆಳಗ್ಗೆ ಎದ್ದಾಗ, ಅತ್ತಾಗ ಅಥವಾ ಮಲವಿಸರ್ಜನೆಗೆ ತಿಣುಕಿದಾಗ, ಸಮಾಧಾನ ಮಾಡಿದರೂ ನಿಲ್ಲಿಸದೆ ಅಳುತ್ತ, ಆಳವಾಗಿ ವೇಗವಾಗಿ ಉಸಿರಾಡುತ್ತ ಕಪ್ಪುನೀಲಿಯಾಗಬಹುದು. ತಕ್ಷಣ ಮಗುವನ್ನು ನಿಮ್ಮ ಎದೆಗೊರಗಿಸಿ, ಎರಡೂ ಮೊಣಕಾಲುಗಳನ್ನು ಮಡಿಸಿ ಅದರ ಎದೆಗೆ ಒತ್ತಿ ಹಿಡಿಯಿರಿ. ಅಥವಾ ಅಂಗಾತ ಮಲಗಿಸಿ ಹಾಗೆಯೇ ಹಿಡಿಯಿರಿ. ಕಾಲಿನ ರಕ್ತನಾಳಗಳು ಮಡಿಸಿಕೊಂಡಾಗ ದೇಹದ ಕಡೆಗೆ ರಕ್ತ ಹೋಗುವುದು ಕಷ್ಟವಾಗಿ ಹೆಚ್ಚಿನ ರಕ್ತ ಶ್ವಾಸಕೋಶಕ್ಕೆ ತಿರುಗುತ್ತದೆ. ನಡೆಯಲು ಕಲಿತ ಇಂಥ ಮಕ್ಕಳು ಆಟದ ನಡುವೆ ತಾವಾಗಿಯೇ ಕುಕ್ಕರುಗಾಲಲ್ಲಿ ಕೂರುವುದು ಇದೇ ಕಾರಣಕ್ಕೆ, ಅವರನ್ನು ಎಬ್ಬಿಸಬಾರದು. ಮೆಲ್ಲಗೆ ಮಾತಾಡಿಸಿ, ಸುತ್ತ ಜನ ಸೇರದಂತೆ ನೋಡಿಕೊಳ್ಳಿ, ಮುಖಕ್ಕೆ ನೀರು ಎರಚಬೇಡಿ, ಬಾಯಿಗೆ ಏನೂ ಹಾಕಬೇಡಿ, ಆ ಭಂಗಿ ಬಿಡದೆ 108ಕ್ಕೆ ಕರೆ ಮಾಡಿಸಿ. ಐದು ನಿಮಿಷದಲ್ಲಿ ಬಣ್ಣ ಮರಳಿದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಒಂದು ಸಲ ಬಂದದ್ದು ಮತ್ತೆ ಬರುತ್ತದೆ, ಶಸ್ತ್ರಚಿಕಿತ್ಸೆಯನ್ನು ಗೊತ್ತಾದ ದಿನಕ್ಕಿಂತ ಬೇಗ ಮಾಡಿಸಲು ಅದೊಂದೇ ಕಾರಣ ಸಾಕು.

ನೀಲಿ ಮಕ್ಕಳ ರಕ್ತ ಗಟ್ಟಿಯಾಗಿರುವುದರಿಂದ ಭೇದಿ, ಬಿಸಿಲು, ಉಪವಾಸಗಳಿಂದ ಮೈಯ ನೀರು ಆರಿದರೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ, ಆದ್ದರಿಂದ ಮೊದಲ ಸಲ ಭೇದಿಯಾದಾಗಲೇ ಓ.ಆರ್.ಎಸ್. ಆರಂಭಿಸಿ. ಹಿಮೋಗ್ಲೋಬಿನ್ 12 ಇದ್ದರೆ ಬೇರೆ ಮಗುವಿಗೆ ಒಳ್ಳೆಯದೇ, ನೀಲಿ ಮಗುವಿಗೆ ಅದು ರಕ್ತಹೀನತೆ. ಕಬ್ಬಿಣಾಂಶದ ಔಷಧ ಬೇಕೇ ಎಂದು ಕೇಳಿ. ಯಾವ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರೂ ಮಗುವಿನ ದೋಷವನ್ನು ನರ್ಸಿಗೆ ಹೇಳಿ, ಕೊಳವೆಯಲ್ಲಿ ಗಾಳಿಗುಳ್ಳೆ ಇರದಂತೆ ನೋಡಿಕೊಳ್ಳಲು ವಿನಂತಿಸಿ, ಏಕೆಂದರೆ ಈ ಮಕ್ಕಳಲ್ಲಿ ಆ ಗುಳ್ಳೆ ನೇರ ಮೆದುಳಿಗೆ ಹೋಗಬಹುದು. ಎರಡು ವರ್ಷ ದಾಟಿದ ನೀಲಿ ಮಗುವಿಗೆ ಜ್ವರ, ತಲೆನೋವು, ವಾಂತಿ, ಫಿಟ್ಸ್ ಕಂಡರೆ ಮೆದುಳಿನ ಕೀವುಗಟ್ಟುವಿಕೆಯನ್ನು ವೈದ್ಯರು ನೋಡಲೇಬೇಕು.

ಹಂತ 8: ಶಸ್ತ್ರಚಿಕಿತ್ಸೆ ಮತ್ತು ಮನೆಗೆ ಮರಳಿದ ಮೇಲೆ

ದಿನ ಗೊತ್ತಾದ ಮೇಲೆ ಮಗುವಿಗೆ ಜ್ವರ, ಕೆಮ್ಮು, ಮೈಮೇಲೆ ಕೀವುಗುಳ್ಳೆ ಬಂದರೆ ಮುಚ್ಚಿಡಬೇಡಿ. ದಿನಾಂಕ ತಪ್ಪುತ್ತದೆಂಬ ಭಯಕ್ಕೆ ಹೇಳದವರಿದ್ದಾರೆ, ಅದರ ಪರಿಣಾಮ ಐ.ಸಿ.ಯು.ನಲ್ಲಿ ಕಾಣುತ್ತದೆ. ಯಾವ ಗುಂಪಿನ ಎಷ್ಟು ಮಂದಿ ರಕ್ತದಾನಿಗಳು ಬೇಕೆಂದು ಮೊದಲೇ ಕೇಳಿ ನೆಂಟರನ್ನು ಒಪ್ಪಿಸಿಕೊಳ್ಳಿ. ಐ.ಸಿ.ಯು.ನಲ್ಲಿ ಮೊದಲ ಸಲ ನೋಡುವಾಗ ಬಾಯಲ್ಲಿ ವೆಂಟಿಲೇಟರ್ ಕೊಳವೆ, ಎದೆಯಿಂದ ಹೊರಬಂದ ಡ್ರೈನ್ (ದ್ರವ ಹೊರಹಾಕುವ ಕೊಳವೆ), ಎದೆಬಡಿತ ಕಾಯುವ ತೆಳುವಾದ ಪೇಸಿಂಗ್ ತಂತಿ, ಊದಿದ ಮುಖ ಕಾಣುತ್ತವೆ. ಇವು ಅಲ್ಲಿನ ನಿತ್ಯದ ನೋಟ, ದಿನಕ್ಕೊಂದರಂತೆ ಕಳಚುತ್ತವೆ. ತಾಯಿ ಅಷ್ಟು ದಿನವೂ ಹಾಲು ಹಿಂಡುತ್ತಲೇ ಇರಬೇಕು, ಇಲ್ಲದಿದ್ದರೆ ಮಗು ಮರಳಿ ಕುಡಿಯುವ ಹೊತ್ತಿಗೆ ಹಾಲು ಬತ್ತಿರುತ್ತದೆ.

ಸೀಳಿದ ಎದೆಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಕಂಕುಳಿಗೆ ಕೈಕೊಟ್ಟಾಗಲಿ ರಟ್ಟೆ ಹಿಡಿದಾಗಲಿ ಮಗುವನ್ನು ಎತ್ತಬಾರದು. ಒಂದು ಕೈ ಕುತ್ತಿಗೆ ಮತ್ತು ಬೆನ್ನಿನಡಿಗೆ, ಇನ್ನೊಂದು ಅಂಡಿನಡಿಗೆ ಕೊಟ್ಟು ಮಗುವನ್ನು ಒಟ್ಟಾಗಿ ಎತ್ತಬೇಕು. ಅಂಗಿ ಮುಂದೆ ಗುಂಡಿ ಇರುವಂಥದ್ದಾಗಲಿ, ತಲೆಯ ಮೇಲಿಂದ ಹಾಕುವಂಥದ್ದು ಬೇಡ. ಗಾಯದ ಮೇಲೆ ಅರಿಸಿನ, ಎಣ್ಣೆ, ಪೌಡರ್ ಯಾವುದೂ ಬೇಡ. ಎಣ್ಣೆ ನೀವಿ ಎರೆಯುವ ಅಜ್ಜಿಗೆ ಇದನ್ನು ಮೊದಲ ದಿನವೇ ತಿಳಿಸಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಗಾಯದಿಂದ ನೀರು ಅಥವಾ ಕೀವು, ಅಲುಗಿದಾಗ ಎದೆಮೂಳೆ ಕಟಕಟ ಎನ್ನುವುದು, ಮೂತ್ರ ಕಡಿಮೆಯಾಗುವುದು, ಹಾಲು ಬಿಡುವುದು, ಮತ್ತೆ ಏದುಸಿರು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಕರೆ ಮಾಡಿ. ಡಿವೈಸ್ ಹಾಕಿದ ಮಗುವಿಗೆ ಸಾಮಾನ್ಯವಾಗಿ ಆರು ತಿಂಗಳು ಆಸ್ಪಿರಿನ್ ಕೊಡುತ್ತಾರೆ. ಆ ಅವಧಿಯಲ್ಲಿ ಸೀತಾಳೆ ಸಿಡುಬು ಅಥವಾ ಫ್ಲೂ ಬಂದರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ಹಂತ 9: ಶಾಲೆ, ಆಟ, ಮುಂದಿನ ವರ್ಷಗಳು

‘ಹಾರ್ಟ್ ಪೇಷಂಟ್’ ಎಂದು ಮೂಲೆಯಲ್ಲಿ ಕೂರಿಸಿ ಬೆಳೆಸಿದ ಮಗು ಹೃದಯ ಸರಿಯಾದ ಮೇಲೂ ಓಡಲು ಹೆದರುತ್ತದೆ. ಪೂರ್ತಿ ಸರಿಹೋದ ವಿ.ಎಸ್.ಡಿ., ಎ.ಎಸ್.ಡಿ., ಪಿ.ಡಿ.ಎ. ಮಕ್ಕಳು ಸಾಮಾನ್ಯವಾಗಿ ಎಲ್ಲ ಆಟವನ್ನೂ ಆಡಬಹುದು. ಇತರರಿಗೆ ಏನು ಸಲ್ಲುತ್ತದೆ, ಏನು ಸಲ್ಲದು ಎಂದು ವೈದ್ಯರಿಂದ ಒಂದು ಪತ್ರ ಬರೆಸಿ ಪಿ.ಟಿ. ಮೇಷ್ಟರಿಗೆ ಕೊಡಿ, ಮಗು ದಣಿದು ನಿಂತಾಗ ಬಲವಂತ ಮಾಡಬಾರದು, ದಣಿಯದಿದ್ದಾಗ ತಡೆಯಬಾರದು. ಆಡುತ್ತಿರುವಾಗ ಮಗು ಪ್ರಜ್ಞೆ ತಪ್ಪಿ ಬಿದ್ದರೆ ಅದನ್ನು ಬಿಸಿಲಿನ ಲೆಕ್ಕಕ್ಕೆ ಸೇರಿಸದೆ ಹೃದ್ರೋಗ ತಜ್ಞರಿಗೇ ತೋರಿಸಿ. ಮೊದಲ ವರ್ಷವೇ ದೊಡ್ಡ ಶಸ್ತ್ರಚಿಕಿತ್ಸೆಯಾದ ಕೆಲವು ಮಕ್ಕಳಲ್ಲಿ ಮಾತು, ನಡಿಗೆ, ಏಕಾಗ್ರತೆ ನಿಧಾನವಾಗುವುದುಂಟು. ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಬೆಳವಣಿಗೆಯ ತಪಾಸಣೆ ಮಾಡಿಸಿದರೆ ಫಿಸಿಯೋಥೆರಪಿಯೂ ಮಾತಿನ ತರಬೇತಿಯೂ ಬೇಗ ಆರಂಭವಾಗುತ್ತವೆ.

ಫ್ಯಾಲೊ ದೋಷ ಸರಿಪಡಿಸಿದ ಮಕ್ಕಳಲ್ಲಿ ಶ್ವಾಸಕೋಶದ ಕವಾಟ ವರ್ಷಗಳು ಕಳೆದಂತೆ ಸೋರಬಹುದು, ಇಪ್ಪತ್ತು ಮೂವತ್ತರ ಪ್ರಾಯದಲ್ಲಿ ಹೊಸ ಕವಾಟ ಬೇಕಾಗಬಹುದು. ಆದ್ದರಿಂದ ಅವರಿಗೆ ಎಕೋ ತಪಾಸಣೆ ಜೀವನಪೂರ್ತಿ ಇದ್ದದ್ದೇ. ಹೆಣ್ಣುಮಗಳಾದರೆ ಮದುವೆಯ ಮಾತುಕತೆಯಲ್ಲಿ ಇದನ್ನು ಬಚ್ಚಿಡಬೇಡಿ. ಬಸುರಿಯಾಗುವ ಮುನ್ನ ಹೃದ್ರೋಗ ತಜ್ಞರ ಸಲಹೆ ಅವಳ ಪ್ರಾಣದ ಪ್ರಶ್ನೆ, ಗಂಡನ ಮನೆಯವರಿಗೆ ತಿಳಿಯದೆ ಅದನ್ನು ಪಡೆಯಲಾಗದು.

ಎರಡನೆಯ ಮಗುವನ್ನು ಬಯಸುವ ತಂದೆತಾಯಿಗಳಿಗೆ: ಒಂದು ಮಗುವಿಗೆ ದೋಷವಿದ್ದರೆ ಮುಂದಿನ ಮಗುವಿಗೆ ಬರುವ ಸಾಧ್ಯತೆ ಸಾಮಾನ್ಯವಾಗಿ ನೂರರಲ್ಲಿ 2ರಿಂದ 5. ಸೋದರಮಾವನೊಡನೆ ಅಥವಾ ಸೋದರತ್ತೆಯ ಮಗನೊಡನೆ ಮದುವೆಯಾಗಿದ್ದರೆ ಅಪಾಯ ತುಸು ಹೆಚ್ಚು, ಅಂಥವರು ಅನುವಂಶೀಯ ಸಲಹೆ ಪಡೆಯಬೇಕು. ರುಬೆಲ್ಲಾ ಲಸಿಕೆ ಆಗಿರದಿದ್ದರೆ ಹಾಕಿಸಿಕೊಂಡು ಒಂದು ತಿಂಗಳಾದರೂ ಗರ್ಭ ಮುಂದೂಡಿ. ಸಕ್ಕರೆ ಕಾಯಿಲೆ ಇದ್ದರೆ ಗರ್ಭ ಧರಿಸುವ ಮೊದಲೇ ಹತೋಟಿಗೆ ತನ್ನಿ. ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ತಾವಾಗಿ ನಿಲ್ಲಿಸದೆ ವೈದ್ಯರಿಂದ ಬದಲಿಸಿಕೊಳ್ಳಿ. ಫೋಲಿಕ್ ಆಮ್ಲವನ್ನು ಮುಂಚೆಯೇ ಆರಂಭಿಸಿ. 18ರಿಂದ 22 ವಾರಗಳ ನಡುವೆ ಸಾಮಾನ್ಯ ಸ್ಕ್ಯಾನಿನ ಜೊತೆಗೆ ಭ್ರೂಣದ ಎಕೋ ಮಾಡಿಸಿ. ಅದರಲ್ಲಿ ಗಂಭೀರ ದೋಷ ಕಂಡು ಗರ್ಭ ಮುಂದುವರಿಸಲು ನಿರ್ಧರಿಸಿದರೆ, ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಇರುವ ಊರಿನಲ್ಲೇ ಹೆರಿಗೆಗೆ ಏರ್ಪಾಡು ಮಾಡಿಕೊಳ್ಳಿ. ದೋಷ ಕಾಣದಿದ್ದರೂ ಹುಟ್ಟಿದ 24ರಿಂದ 48 ಗಂಟೆಗಳ ನಡುವೆ ಶಿಶುವಿನ ಬಲಗೈ ಮತ್ತು ಒಂದು ಪಾದಕ್ಕೆ ಆಕ್ಸಿಮೀಟರ್ ಹಾಕಿ ನೋಡಲು ಹೆರಿಗೆ ಆಸ್ಪತ್ರೆಯವರನ್ನು ಕೇಳಿ. ಯಾವುದೇ ಒಂದು ಕಡೆ ಶೇಕಡಾ 95ಕ್ಕಿಂತ ಕಡಿಮೆ ಬಂದರೆ, ಅಥವಾ ಎರಡರ ನಡುವೆ 3ಕ್ಕಿಂತ ಹೆಚ್ಚು ಅಂತರವಿದ್ದರೆ, ಗಂಟೆಯ ನಂತರ ಮತ್ತೆ ಅಳೆಯಬೇಕು. ಮತ್ತೆಯೂ ಹಾಗೆಯೇ ಬಂದರೆ, ಅಥವಾ ಯಾವುದೇ ಕಡೆ ಒಂದೇ ಸಲವಾದರೂ 90ಕ್ಕಿಂತ ಕೆಳಗೆ ಬಂದರೆ, ಎಕೋ ಆಗುವವರೆಗೆ ಮಗುವನ್ನು ಮನೆಗೆ ಕರೆದೊಯ್ಯಬೇಡಿ.